ಮಾಲ್ಖಾಜನ ಪಾಲಿನ ತಪ್ಪು

ಚಿಯಾತೂರದಲ್ಲಿ ಆ ಚಳಿಗಾಲ ಕರೆಂಟು
ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.
ಹಾಳೆಗೊಂದು ಮೋಂಬತ್ತಿ,
ಅದು ನನ್ನ ರೇಟು.
ಇಪ್ಪತ್ತು ಇಂಗ್ಲಿಷ್ ಪ್ರಶ್ನೆ, ಒಂದೊಂದಕ್ಕೂ ಎ ಬಿ ಸಿ ಡಿ,
ಸರಿ ಕಂಡದ್ದಕ್ಕೆ ಪೆನ್ಸಿಲಿನ ಸುತ್ತು.

ಮೂವರು ಹುಡುಗರ ಹೋಮ್‌ವರ್ಕು ನನ್ನ ಕೈಲಿ.
ಮೂವರಿಗೂ ಇಪ್ಪತ್ತಕ್ಕಿಪ್ಪತ್ತು ಬಂದರೆ
ಲಮ್ಜೀರಾ ಟೀಚರ್ ಸುಮ್ಮನಿರುತ್ತಾರೆಯೇ?
ಹಾಗಾಗಿ ತಪ್ಪು ಮಾಡಲು ಕಲಿತೆ.
ಸರಿ ಬರೆಯುವುದೇನು, ಯಾರಾದರೂ ಬರೆದಾರು.
ಇನ್ನೊಬ್ಬರ ತಪ್ಪನ್ನು ಅವರ ಹಾಗೇ ಮಾಡುವುದಕ್ಕೆ
ಅವರ ಉಪ್ಪು ಹುಳಿ ಗೊತ್ತಿರಬೇಕು.

ಜ್ವಿಯಾದ್ ಆತುರಗಾರ. ಪ್ರಶ್ನೆ ಮುಗಿಯುವ ಮೊದಲೇ ಎ ಅನ್ನುವವನು.
ಅವನ ಸುತ್ತು ಕೂಡುವುದೇ ಇಲ್ಲ,
ಬಾಗಿಲು ಹಾಕದೆ ಆಟಕ್ಕೆ ಓಡಿದ ಹಾಗೆ.
ತೆಂಗಿಜ್ ಒತ್ತಿ ಒತ್ತಿ ಹಾಳೆಯ ಬೆನ್ನಿಗೆ ಬಾಸುಂಡೆ ಎಬ್ಬಿಸುವನು.
‘ದಿ’ ಎಲ್ಲಿ, ‘ಆ್ಯನ್’ ಎಲ್ಲಿ, ಜನ್ಮದಲ್ಲಿ ತಿಳಿಯದು ಅವನಿಗೆ.
ತಿಳಿಯುವುದಾದರೂ ಹೇಗೆ?
ನಮ್ಮಲ್ಲಿ ಸೂರ್ಯ ಬರೀ ಸೂರ್ಯ,
ಮುಂದೊಬ್ಬ ಜವಾನ ಬೇಡ.

ಮಾಲ್ಖಾಜನಿಗೆ ಇಪ್ಪತ್ತಕ್ಕೆ ಹನ್ನೊಂದು.
ಅಕ್ಟೋಬರಿನಲ್ಲಿ ಅಳತೆ ತೆಗೆದದ್ದು;
ಫೆಬ್ರವರಿಯಲ್ಲೂ ಅದೇ ಅಂಗಿ ಹೊಲಿಯುತ್ತಿದ್ದೆ.
ಭೂತಕಾಲ ಒಂದು ಬಿಟ್ಟು ಒಂದು ಸರಿ.
‘ಇಫ್’ ಕಂಡಲ್ಲೆಲ್ಲ ತಪ್ಪು.
ಸುತ್ತು ಬಟಾಣಿಯಷ್ಟು, ಹೆದರಿ ಹಾಕಿದ್ದು.

ಒಂದು ಸಂಜೆ ಗಣಿಯ ಕಡೆಯಿಂದ ಇಳಿಯುವ ತೂಗುಡಬ್ಬಿ
ನದಿಯ ನೆತ್ತಿಯ ಮೇಲೆ ನಿಂತುಬಿಟ್ಟಿತು.
ಒಳಗೆ ನಾನು, ಅವನು,
ಹಿಟ್ಟಿನ ಮೂಟೆ ತಬ್ಬಿಕೊಂಡ ಒಬ್ಬ ಮುದುಕಿ.
ಮುದುಕಿ ಬೈಯಲು ಶುರುಮಾಡಿದಳು,
ಮೊದಲು ಸರಕಾರವನ್ನು, ಆಮೇಲೆ ಅಳಿಯನನ್ನು.
ಮಾಲ್ಖಾಜ್ ಬಾಗಿಲ ಸಂದಿಯಲ್ಲಿ ಅಕ್ರೋಟು ಒಡೆದು
ಅರ್ಧ ನನಗೆ ಕೊಟ್ಟ.

‘ಹದಿನಾಲ್ಕನೇದು ತಪ್ಪು ಮಾಡಿದ್ದೀಯ.’
‘ಬೇಕಂತಲೇ.’
‘ಅದು ನನಗೆ ಬರ್ತಿತ್ತು.’

ಇಫ್ ಐ ಡ್ಯಾಶ್ ಯು.
ಆ್ಯಮ್, ವಾಸ್, ವರ್, ಬೀ.
‘ವರ್,’ ಅಂದ, ಸಿಪ್ಪೆ ಉಗಿದು. ‘ಆಗದ ಮಾತಿಗೆ ವರ್.
ನಾನು ನೀನಲ್ಲ. ಆಗೋದೂ ಇಲ್ಲ. ಅದಕ್ಕೆ.’

ಕೆಳಗೆ ನದಿ, ಅದಿರು ತೊಳೆದ ನೀರು, ಕಾಡಿಗೆ ಕಪ್ಪು.
ಐದು ತಿಂಗಳು ನಾನೇ ಅವನಾಗಿ ಕೂತು
ಅವನ ದಡ್ಡತನವನ್ನು ಪಾವಿನಲ್ಲಿ ಅಳೆದು ಸುರಿದಿದ್ದೆ,
ಒಂದು ಕಾಳೂ ಕಡಿಮೆ ಮಾಡದೆ.
‘ಮುಂದಿನ ಸಲ ಇಫ್‌ಗಳನ್ನು ಬಿಟ್ಟುಬಿಡು,’ ಅಂದ,
‘ಮೋಂಬತ್ತಿ ಪೂರ್ತಿಯೇ ಕೊಡ್ತೀನಿ.’

ಬಿಟ್ಟೆ. ಐದಿದ್ದವು. ಐದನ್ನೂ ಅವನೇ ಮಾಡಿದ.
ಗೊತ್ತಿದ್ದಾಗ ಅವನ ಸುತ್ತು ಬಟಾಣಿಯಲ್ಲ,
ಇಡೀ ಶಬ್ದವನ್ನು ಒಳಗಿಟ್ಟುಕೊಳ್ಳುವ ದೊಡ್ಡ ಬೇಲಿ,
ಎರಡು ಸಲ ಸುತ್ತಿದ್ದು.

ಸೋಮವಾರ ಲಮ್ಜೀರಾ ಟೀಚರ್ ಕೋಟು ಬಿಚ್ಚದೆಯೇ ಕೇಳಿದರು:
‘ಹದಿನಾರು! ಯಾರದ್ದು ನೋಡಿ ಬರೆದೆ?’
ನನ್ನ ಹನ್ನೊಂದರ ಮೇಲೆ ಬೆರಳಾಡಿಸಿ
‘ಇವು ನಿನ್ನವು, ಗೊತ್ತಾಗುತ್ತೆ’ ಅಂದರು.
ಅವನ ಐದಕ್ಕೆ ಕೆಂಪು ಗೀಟು ಎಳೆದು
‘ಇವು ನಿನ್ನವಲ್ಲ.’

ಅವನು ನಿಂತೇ ಇದ್ದ. ಕಿವಿ ಕೆಂಪಾಗಿತ್ತು.
ಎರಡನೆಯ ಬೆಂಚಿನಲ್ಲಿ ನಾನು.
ಬ್ಯಾಗಿನಲ್ಲಿ ಅವನು ಕೊಟ್ಟ ಮೋಂಬತ್ತಿ,
ಬತ್ತಿಗಿನ್ನೂ ಬೆಂಕಿ ತಾಗದ್ದು.
ನನ್ನ ಕಡೆ ಅವನು ತಿರುಗಿ ನೋಡಲಿಲ್ಲ.
ನೋಡಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೇ
ಎಂದು ಕೇಳಬೇಡಿ.
ಆಗದ ಮಾತಿಗೆ ಯಾವುದು ಬರುತ್ತದೆಂದು
ಅವನೇ ಹೇಳಿಕೊಟ್ಟಿದ್ದಾನೆ.